ಪರವೂರಿನಲ್ಲಿ ಪೊಲೀಸರು ತಡೆದರೆ: ಮರೆಯಬಾರದ ಮೂರು ಪ್ರಶ್ನೆ

ಕುಡಚಿ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಉಗಾರ, ಶೇಡಬಾಳ ದಾಟಿ ಒಂದು ತಾಸಿನ ಆಸುಪಾಸಿನಲ್ಲಿ ಮಿರಜ ಬಂದುಬಿಡ್ತದೆ. ನಮ್ಮ ಕಡೆ ಮಂದಿಗೆ ಅದು ಬೇರೆ ರಾಜ್ಯ ಅಂತ ಅನಿಸೋದೇ ಇಲ್ಲ. ದೊಡ್ಡ ದವಾಖಾನೆ ಅಂದ್ರೆ ಮಿರಜ, ಮಗ್ಗದ ಕೆಲಸ ಅಂದ್ರೆ ಇಚಲಕರಂಜಿ, ಫೌಂಡ್ರಿ ಅಂದ್ರೆ ಕೊಲ್ಲಾಪುರ, ಸೆಂಟ್ರಿಂಗ್, ಪೇಂಟಿಂಗ್ ಅಂದ್ರೆ ಪುಣೆ ಇಲ್ಲಾ ಗೋವಾ. ಇಂಜಿನಿಯರಿಂಗ್ ಓದಿದವರು ಬೆಂಗಳೂರಿಗೆ, ಅಲ್ಲಿಂದ ಕೆಲವರು ಅಮೆರಿಕಕ್ಕೆ. ಡ್ರೈವಿಂಗ್, ಎಸಿ ರಿಪೇರಿ ಕಲಿತವರು ದುಬೈಗೆ, ರಿಯಾದ್‌ಗೆ.

ಹೋಗುವ ಊರು ಬೇರೆ ಬೇರೆ, ಸಂಬಳ ಬೇರೆ ಬೇರೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಪರವೂರಿನಲ್ಲಿ ಯೂನಿಫಾರ್ಮ್ ಹಾಕಿದವರು ಎದುರಿಗೆ ನಿಂತು "ಯಾರು ನೀನು, ಎಲ್ಲಿಂದ ಬಂದೆ, ಕಾಗದ ತೋರಿಸು" ಅಂದಾಗ ಕಾಲು ನಡುಗ್ತವೆ. ತಪ್ಪು ಮಾಡಿದ್ದಕ್ಕಲ್ಲ. ಭಾಷೆ ಸರಿಯಾಗಿ ಬರಲ್ಲ, ಪರಿಚಯದವರು ಯಾರೂ ಇಲ್ಲ, ಮುಂದೇನಾಗ್ತದೆ ಗೊತ್ತಿಲ್ಲ, ಅದಕ್ಕೆ. ಮಗ ಊರು ಬಿಡುವಾಗ ನಾವು ಟಿಕೆಟ್, ರೂಮು, ರೊಟ್ಟಿ, ಶೇಂಗಾ ಚಟ್ನಿ ಎಲ್ಲಾ ಕಟ್ಟಿಕೊಡ್ತೀವಿ. ಈ ಒಂದು ಗಳಿಗೆಗೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ.

ನಾನು ವಕೀಲನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೆ ಹೋದ ವರ್ಷ ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಕಾನೂನು ಏನು ಹೇಳ್ತದೆ ಅಂತ ಕೂತು ಓದಿದೆ. ಗೊತ್ತಿರುವ ವಕೀಲರನ್ನು ಕೇಳಿದೆ. ತಿಳಿದದ್ದನ್ನು ನಮ್ಮ ಮನೆಮಂದಿಗೆ ಹೇಳುವ ಹಾಗೆ ಇಲ್ಲಿ ಬರೀತಿದ್ದೀನಿ.

ರಾತ್ರಿ ಹನ್ನೊಂದಕ್ಕೆ ಬಂದ ಫೋನು

ನಮ್ಮ ಓಣಿಯ ಕಾಕಾ ಒಬ್ಬರ ಮಗ ಮಹಾರಾಷ್ಟ್ರದ ಒಂದು ದೊಡ್ಡ ಊರಿನಲ್ಲಿ ಪೇಂಟಿಂಗ್ ಕೆಲಸಕ್ಕೆ ಇದ್ದ. ಅವನು ಕೆಲಸ ಮಾಡುತ್ತಿದ್ದ ಬಿಲ್ಡಿಂಗಿನಲ್ಲಿ ಕಳ್ಳತನ ಆಯಿತು. ಹೊರಗಿನಿಂದ ಬಂದ ಕೆಲಸಗಾರರನ್ನೆಲ್ಲಾ ಪೊಲೀಸರು ಜೀಪಿನಲ್ಲಿ ಕರಕೊಂಡು ಹೋದರು. ಜೊತೆಗಿದ್ದ ಹುಡುಗ ಒಬ್ಬ ಊರಿಗೆ ಫೋನ್ ಮಾಡಿದ. ಕಾಕಾ ನನಗೆ ಮಾಡಿದರು.

"ತಮ್ಮಾ, ನಮ್ಮ ಹುಡುಗನ್ನ ಒಯ್ದಾರಂತ. ಅವನ ಫೋನ್ ಬಂದ್ ಆಗೈತಿ. ಮರಾಠಿಯಾಗ ಏನೋ ಬರದು ಸಹಿ ಮಾಡು ಅನ್ನಾಕತ್ತಾರಂತ. ಅವಗ ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಏನ್ ಮಾಡ್ಲಿ?"

ನಾನು ಪರಿಚಯದ ವಕೀಲರಿಗೆ ಫೋನ್ ಹಚ್ಚಿದೆ. ಅವರು ಸಿಟ್ಟಾಗಲಿಲ್ಲ, ಗಾಬರಿಯಾಗಲಿಲ್ಲ. "ಠಾಣೆಗೆ ಯಾರಾದರೂ ಒಬ್ಬರು ಹೋಗಿ ಒಂದೇ ಮಾತು ಕೇಳಲಿ. ಅವನನ್ನು ಅರೆಸ್ಟ್ ಮಾಡಿದ್ದೀರೋ, ವಿಚಾರಣೆಗೆ ಕರೆದಿದ್ದೀರೋ? ಅರೆಸ್ಟ್ ಆಗಿದ್ರೆ ಮೆಮೊ ಕೊಡಿ, ವಿಚಾರಣೆ ಆಗಿದ್ರೆ ನೋಟಿಸ್ ಕೊಡಿ" ಅಂದರು. ಗುತ್ತಿಗೆದಾರ ಹೋಗಿ ಮರ್ಯಾದೆಯಿಂದ ಅದನ್ನೇ ಕೇಳಿದ. ಮರುದಿನ ಮಧ್ಯಾಹ್ನದ ಹೊತ್ತಿಗೆ, ಕರೆದಾಗ ಬರಬೇಕು ಅಂತ ಒಂದು ನೋಟಿಸ್ ಕೊಟ್ಟು ಹುಡುಗನನ್ನು ಬಿಟ್ಟರು. ಆ ಒಂದು ರಾತ್ರಿ ಕಾಕು ಊಟ ಮಾಡಲಿಲ್ಲ, ಬಾಗಿಲು ಮುಚ್ಚಲಿಲ್ಲ.

ಆ ವಕೀಲರು ಹೇಳಿದ್ದು ಬುದ್ಧಿವಂತಿಕೆಯ ಮಾತಲ್ಲ, ಕಾನೂನಿನ ಮಾತು. ಅದನ್ನೇ ನಾನು ಮೂರು ಪ್ರಶ್ನೆ ಮಾಡಿಕೊಂಡಿದ್ದೀನಿ.

ಒಂದು: ಇದು ವಿಚಾರಣೆಯೋ, ಬಂಧನವೋ?

2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 35ನೇ ಕಲಮಿನ ಪ್ರಕಾರ, ಬಂಧಿಸುವ ಅಗತ್ಯ ಇಲ್ಲದ ಪ್ರಕರಣದಲ್ಲಿ ಪೊಲೀಸರು ಹಾಜರಾಗಲು ನೋಟಿಸ್ ಕೊಡಬೇಕು. ನೋಟಿಸ್ ಬಂದರೆ ಹೋಗಲೇಬೇಕು, ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣ ಆಗ್ತದೆ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬಾರದು, ಕಾರಣ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಸಾಕ್ಷಿಯಾಗಿ ಕರೆಯುವುದು ಇನ್ನೊಂದು ಬಗೆ. ಅದಕ್ಕೂ 179ನೇ ಕಲಮಿನಲ್ಲಿ ಲಿಖಿತ ಆದೇಶ ಬೇಕು. ಹೆಣ್ಣುಮಕ್ಕಳು, 15 ವರ್ಷದ ಒಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು ಇವರನ್ನು ಸಾಕ್ಷಿ ಹೇಳಲು ಠಾಣೆಗೆ ಬಾ ಅಂತ ಒತ್ತಾಯ ಮಾಡುವ ಹಾಗಿಲ್ಲ, ಇರುವ ಮನೆಯಲ್ಲೇ ಕೇಳಬೇಕು.

ಬಂಧನ ಅಂತಾದರೆ ಅದಕ್ಕೆ ಗಡಿಯಾರ ಇದೆ. ಸಂವಿಧಾನದ 22ನೇ ವಿಧಿ ಹೇಳುವ ಹಾಗೆ, ದಾರಿಯ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. "ಬಂಧಿಸಿಲ್ಲ, ಸುಮ್ಮನೆ ಕೂರಿಸಿದ್ದೀವಿ" ಅಂತ ಎರಡು ದಿನ ಕೂರಿಸೋದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಅದಕ್ಕೇ ಮೊದಲ ಪ್ರಶ್ನೆ ಅಷ್ಟು ಮುಖ್ಯ.

ಎರಡು: ಕಾಗದ ಎಲ್ಲಿ, ನನಗೆ ತಿಳಿಯುವ ಭಾಷೆಯಲ್ಲಿ ಇದೆಯಾ?

ಬಂಧಿಸುವ ಅಧಿಕಾರಿಯ ಹೆಸರು ಎದೆಯ ಮೇಲೆ ಕಾಣುವ ಹಾಗಿರಬೇಕು. ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೋ ಆ ಭಾಗದ ಗೌರವಸ್ಥರೋ ಒಬ್ಬರು ಸಾಕ್ಷಿ ಹಾಕಬೇಕು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ ಇವು, ಈಗ ಸಂಹಿತೆಯ 36ನೇ ಕಲಮಿನಲ್ಲೇ ಇವೆ.

ನಮ್ಮಂಥ ಗಡಿನಾಡಿನವರಿಗೆ ಇನ್ನೂ ಹತ್ತಿರದ ವಿಷಯ ಭಾಷೆ. 1962ರಲ್ಲೇ ಹರಿಕಿಸನ್ ಎಂಬುವವರ ಪ್ರಕರಣ ಮಹಾರಾಷ್ಟ್ರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಂಗ್ಲಿಷ್ ಬಾರದ ಅವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಡದಿದ್ದರೆ ಕೊಟ್ಟ ಹಾಗಲ್ಲ ಅಂತ ಕೋರ್ಟ್ ಹೇಳಿತು. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಅದೂ ಮಹಾರಾಷ್ಟ್ರದ್ದೇ, ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವುದೇ ಅಪರಾಧ ಇರಲಿ, ಬಂಧನದ ಕಾರಣವನ್ನು ಬರೆದು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಆ ಕ್ಷಣಕ್ಕೆ ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹದಲ್ಲಿ ಕೊಡಬೇಕು. ಅಂದ್ರೆ ರಾಯಬಾಗ ತಾಲೂಕಿನ ಹುಡುಗ ಪುಣೆಯಲ್ಲಿ ಬಂಧನ ಆದರೆ "ನನಗೆ ಕನ್ನಡದಲ್ಲಿ ಕೊಡಿ" ಅಂತ ಕೇಳುವುದು ಸೊಕ್ಕಲ್ಲ, ಅವನ ಹಕ್ಕು.

ಸಹಿಯ ಬಗ್ಗೆ ಒಂದು ಮಾತು. ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಗೆ, ಅವರು ಬರೆದುಕೊಂಡರೂ, ಹೇಳಿದವರ ಸಹಿ ಹಾಕಿಸಬಾರದು ಅಂತ 181ನೇ ಕಲಮು ಹೇಳ್ತದೆ. ಬಂಧನದ ಮೆಮೊ, ವಸ್ತು ವಶಪಡಿಸಿಕೊಂಡ ಪಟ್ಟಿ ಇವಕ್ಕೆ ಸಹಿ ಇರ್ತದೆ. ಖಾಲಿ ಹಾಳೆಗೆ, ಓದಲು ಬಾರದ ಬರಹಕ್ಕೆ ಸಹಿ ಕೇಳಿದರೆ "ಸಾಹೇಬ್ರ, ಇದರಾಗ ಏನ್ ಬರದೈತಿ ಓದಿ ಹೇಳ್ರಿ" ಅನ್ನಿ. ಒತ್ತಾಯ ಮಾಡಿದರೆ, ಸಹಿಯ ಕೆಳಗೆ ಕನ್ನಡದಲ್ಲೇ "ನನಗೆ ಇದನ್ನು ಓದಲು ಬರುವುದಿಲ್ಲ" ಅಂತ ಬರೆದುಬಿಡಿ. ಮುಂದೆ ನ್ಯಾಯಾಧೀಶರ ಕಣ್ಣಿಗೆ ಬೀಳುವ ಸಾಲು ಅದು.

ಫೋನು ಕಿತ್ತುಕೊಳ್ಳುವುದು ಈಗ ಸಾಮಾನ್ಯ. ವಶಕ್ಕೆ ತೆಗೆದುಕೊಂಡ ವಸ್ತುವಿನ ಪಟ್ಟಿ ಆಗಬೇಕು, ಶೋಧ ಮತ್ತು ವಶಪಡಿಸುವ ಕೆಲಸದ ಆಡಿಯೋ-ವಿಡಿಯೋ ದಾಖಲೆ ಆಗಬೇಕು ಅಂತ 105ನೇ ಕಲಮು ಹೇಳ್ತದೆ. ಪಟ್ಟಿಯ ಪ್ರತಿ ಕೇಳಿ.

ಮೂರು: ನಾನು ಎಲ್ಲಿದ್ದೀನಿ ಅಂತ ನಮ್ಮವರಿಗೆ ಗೊತ್ತಾ?

ಬಂಧಿತನು ಹೇಳಿದ ಒಬ್ಬ ಬಂಧು, ಗೆಳೆಯ ಅಥವಾ ಬೇರೆ ಯಾರಿಗಾದರೂ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗುವ ಹಕ್ಕು 38ನೇ ಕಲಮಿನಲ್ಲಿದೆ, ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಿಸಿಕೊಳ್ಳಲು ಆಗದಿದ್ದರೂ. ವೈದ್ಯರಿಂದ ತಪಾಸಣೆ ಆಗಬೇಕು. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಬಂಧಿಸಬಾರದು. ತೀರಾ ಅಗತ್ಯ ಬಿದ್ದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು.

ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿ ಇರುವವರಿಗೆ, ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ವಕೀಲರು ಸಿಗ್ತಾರೆ. 15100 ಅಂತ ಒಂದು ನಂಬರ್ ಇದೆ, ದೇಶದ ಯಾವ ಮೂಲೆಯಿಂದಲೂ ಹಚ್ಚಬಹುದು. ಊರಲ್ಲಿ ಇರುವ ತಂದೆ-ತಾಯಿ ತಾಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ ಹೋಗಿ ಕೇಳಬಹುದು.

ಆಧಾರ್ ಇದೆ, ಸಾಕಲ್ವಾ?

ಸಾಲದು. ಆಧಾರ್ ಪೌರತ್ವಕ್ಕಾಗಲಿ ವಾಸಸ್ಥಳಕ್ಕಾಗಲಿ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯ 9ನೇ ಕಲಮಿನಲ್ಲೇ ಬರೆದಿದೆ. ಇದು ಬರೀ ಓದುವ ಮಾತಲ್ಲ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ದುಡಿಯುತ್ತಿದ್ದ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿ ಹೆಣ್ಣುಮಗಳೊಬ್ಬಳನ್ನು ಬಾಂಗ್ಲಾದೇಶದವಳು ಅಂತ ಹಿಡಿದು ಗಡಿ ದಾಟಿಸಿದರು. ಮನೆಯವರು ಕಲ್ಕತ್ತಾ ಹೈಕೋರ್ಟಿಗೆ ಹೋದರು. ವಾಪಸ್ ಕರೆತನ್ನಿ ಅಂತ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಆದೇಶ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅವಳು ಮಗನೊಂದಿಗೆ ಮರಳಿದ್ದು ಡಿಸೆಂಬರ್‌ನಲ್ಲಿ. ಆಡುವ ಭಾಷೆ ಕೇಳಿ ಮನುಷ್ಯರನ್ನು ಅಳೆಯಲು ಹೊರಟರೆ ಏನಾಗ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ವಿದೇಶಿಯರ ಕಾನೂನಿನಲ್ಲಿ "ನಾನು ವಿದೇಶಿ ಅಲ್ಲ" ಅಂತ ತೋರಿಸುವ ಹೊಣೆ ಆ ವ್ಯಕ್ತಿಯ ಮೇಲೇ ಇರ್ತದೆ. 1946ರ ಹಳೆಯ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ಸೆಪ್ಟೆಂಬರ್ 1ರಿಂದ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಹಾಗೇ ಇದೆ. ಅದಕ್ಕೆ ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ಪಾಸ್‌ಪೋರ್ಟ್ ಇದ್ದರೆ ಪಾಸ್‌ಪೋರ್ಟ್, ತಂದೆ-ತಾಯಿಯ ಮತದಾರರ ಪಟ್ಟಿಯ ಪ್ರತಿ, ಮನೆಯ ಉತಾರ ಇವೆಲ್ಲಾ ಊರಲ್ಲಿ ಒಂದೇ ಫೈಲಿನಲ್ಲಿರಲಿ. ಮೂಲಪ್ರತಿ ಊರಲ್ಲಿ, ಫೋಟೋ ಮಗನ ಫೋನಿನಲ್ಲೂ ಇನ್ನೊಬ್ಬರ ಫೋನಿನಲ್ಲೂ. ಬಾಡಿಗೆ ಮನೆ ಹಿಡಿದರೆ ಬಾಡಿಗೆದಾರರ ಪರಿಶೀಲನೆಯ ಫಾರ್ಮ್ ಪೊಲೀಸರಿಗೆ ಕೊಟ್ಟಿದ್ದೀರಾ ಅಂತ ಮಾಲೀಕರನ್ನು ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ನೆನಪಿಡಿ. ಭಾರತದ ಎಲ್ಲಿ ಬೇಕಾದರೂ ತಿರುಗಾಡುವ, ನೆಲೆಸುವ ಹಕ್ಕನ್ನು 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ಗೋವಾದಲ್ಲೋ ಕೊಲ್ಲಾಪುರದಲ್ಲೋ "ನಿಮ್ಮ ಊರಿಗೆ ಹೋಗು" ಅಂತ ಯಾರಾದರೂ ಅಂದರೆ ಅದು ಸಿಟ್ಟಿನ ಮಾತು, ಕಾನೂನಿನ ಮಾತಲ್ಲ.

ಅಮೆರಿಕದ ಬಾಗಿಲು

2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿದಾಗ, ಸರಿಯಾದ ವೀಸಾ ಇದ್ದವರ ಮನೆಗಳಲ್ಲೂ ಭಯ ಹುಟ್ಟಿತು. ನನ್ನ ಕಾಕಾನ ಮಗ ಅಲ್ಲಿ ಎಚ್-1ಬಿ ಮೇಲೆ ಇದ್ದಾನೆ. ಅತ್ತಿ ವಾರಕ್ಕೊಮ್ಮೆ ಕೇಳ್ತಾರೆ, "ಅವಗ ಏನೂ ಆಗಂಗಿಲ್ಲ ಹೌದಿಲ್ಲೋ?"

ನಮ್ಮ ಮೂರು ಪ್ರಶ್ನೆ ಅಲ್ಲೂ ನಡೀತವೆ. ರಸ್ತೆಯಲ್ಲಿ ತಡೆದರೆ ಮೊದಲು "ನಾನು ಹೋಗಬಹುದಾ?" ಅಂತ ಕೇಳಬೇಕು. ಹೌದು ಅಂದರೆ ಓಡದೆ ನಿಧಾನಕ್ಕೆ ಹೋಗಬೇಕು. ಇಲ್ಲ ಅಂದರೆ ಸುಮ್ಮನಿರುವ ಹಕ್ಕಿದೆ, ವಕೀಲರ ಜೊತೆ ಮಾತಾಡಬೇಕು ಅಂತ ಹೇಳುವ ಹಕ್ಕಿದೆ. ಆದರೆ ಒಂದು ವ್ಯತ್ಯಾಸ ಇದೆ. 18 ದಾಟಿದ ವಿದೇಶಿಯರು ತಮ್ಮ ನೋಂದಣಿಯ ದಾಖಲೆಯನ್ನು, ಅಂದ್ರೆ ಗ್ರೀನ್ ಕಾರ್ಡ್ ಅಥವಾ ಐ-94, ಸದಾ ಹತ್ತಿರ ಇಟ್ಟುಕೊಳ್ಳಬೇಕು ಅಂತ ಅಲ್ಲಿಯ ಕಾನೂನು. ಕಾಗದ ಸರಿ ಇದ್ದವರು ಅದನ್ನು ತೋರಿಸೋದೇ ಜಾಣತನ. ಸುಳ್ಳು ಹೇಳಬಾರದು. "ನಾನು ಅಮೆರಿಕದ ನಾಗರಿಕ" ಅಂತ ಸುಳ್ಳು ಹೇಳಿದರಂತೂ ಮುಂದಿನ ಎಲ್ಲಾ ದಾರಿ ಮುಚ್ಚಿಹೋಗಬಹುದು.

ಮನೆಗೆ ಬಂದರೆ ಕಾಗದದ ಪ್ರಶ್ನೆ. ಅಲ್ಲಿ ಎರಡು ಬಗೆಯ ವಾರಂಟ್ ಇವೆ. ಕೋರ್ಟಿನ ನ್ಯಾಯಾಧೀಶರು ಸಹಿ ಮಾಡಿದ್ದು ಒಂದು, ವಲಸೆ ಇಲಾಖೆಯ ಅಧಿಕಾರಿಯೇ ಸಹಿ ಮಾಡಿದ್ದು ಇನ್ನೊಂದು. ಎರಡನೆಯದು ತೋರಿಸಿದರೆ ಬಾಗಿಲು ತೆರೆದು ಒಳಗೆ ಬಿಡಬೇಕಾಗಿಲ್ಲ ಅಂತ ಅಲ್ಲಿಯ ವಕೀಲರು ಹೇಳ್ತಾರೆ. ಬಾಗಿಲಿನ ಸಂದಿಯಿಂದ ಕಾಗದ ತೂರಿಸಿ ಅಂತ ಕೇಳಿ, ಯಾವ ಕೋರ್ಟು, ಯಾರ ಸಹಿ, ಯಾರ ಹೆಸರು, ವಿಳಾಸ ಸರಿಯಾ ನೋಡಬೇಕು. ಅವರು ನುಗ್ಗಿ ಬಂದರೂ ಕೈ ಅಡ್ಡ ಹಾಕಬಾರದು. "ನಾನು ಒಪ್ಪಿಗೆ ಕೊಟ್ಟಿಲ್ಲ" ಅಂತ ಹೇಳಿ, ಮಿಕ್ಕಿದ್ದನ್ನು ವಕೀಲರಿಗೆ ಬಿಡಬೇಕು.

ವಿಮಾನ ನಿಲ್ದಾಣದ ಕಥೆ ಬೇರೆ. ಅಲ್ಲಿ ಲಗೇಜು, ಫೋನು ನೋಡುವ ಅಧಿಕಾರ ಅವರಿಗೆ ಬಹಳ. ವೀಸಾ ಇದ್ದವರು ಉತ್ತರಿಸಲು ಒಪ್ಪದಿದ್ದರೆ ಒಳಗೆ ಬಿಡದೇ ಇರಬಹುದು. ಗ್ರೀನ್ ಕಾರ್ಡ್ ಇರುವ ಹಿರಿಯರು ಮಕ್ಕಳ ಮನೆಗೂ ಊರಿಗೂ ಓಡಾಡುವಾಗ ಐ-407 ಅನ್ನುವ ಫಾರ್ಮ್‌ಗೆ ಸಹಿ ಕೇಳಿದರೆ ಹುಷಾರ್. ಅದು ಗ್ರೀನ್ ಕಾರ್ಡನ್ನು ತಾವಾಗಿ ಬಿಟ್ಟುಕೊಡುವ ಕಾಗದ. ಸಹಿ ಮಾಡದೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಅವರಿಗಿದೆ.

ಮೂರನೆಯ ಪ್ರಶ್ನೆಗೂ ಅಲ್ಲಿ ಉತ್ತರ ಇದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಬಂಧನ ಆದ ಪರದೇಶಿಯು ತನ್ನ ದೇಶದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳಬಹುದು. ವಲಸೆ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರ ಕೊಡಲ್ಲ, ದುಡ್ಡು ನಾವೇ ಕೊಡಬೇಕು. ಹಾಗಾಗಿ ವಕೀಲರ ನಂಬರ್ ಮೊದಲೇ ಹುಡುಕಿಟ್ಟಿರಬೇಕು. ಕೆಲಸ ಹೋದರೆ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನ ಇರ್ತದೆ, ಐ-94ರ ಅವಧಿ ಅದಕ್ಕೂ ಮೊದಲು ಮುಗಿದರೆ ಅಷ್ಟೇ.

ಕೋರ್ಟಿಗೆ ಹೋದರೆ ಏನಾಗ್ತದೆ ಅಂತ ಅನುಮಾನ ಇರುವವರಿಗೆ ಒಂದು ಮಾತು. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆಯನ್ನು ಅಲ್ಲಿಯ ಸರ್ಕಾರ ಏಕಾಏಕಿ ರದ್ದು ಮಾಡಿತು. ಅವರಲ್ಲಿ ಬಹಳ ಮಂದಿ ಭಾರತೀಯರು. ಹುಡುಗರು ಕೋರ್ಟಿಗೆ ಹೋದರು, ಒಂದರ ಹಿಂದೆ ಒಂದು ತಡೆಯಾಜ್ಞೆ ಬಂತು, ತಿಂಗಳು ಮುಗಿಯುವ ಮೊದಲೇ ಸರ್ಕಾರ ಹಿಂದೆ ಸರಿಯಿತು.

ಕೊಲ್ಲಿ ದೇಶಕ್ಕೆ ಹೋದವರು

ಅಮೆರಿಕದ ಮಾತನ್ನು ಕೊಲ್ಲಿ ದೇಶಕ್ಕೆ ಹಾಗೇ ಒಯ್ಯಲು ಬರಲ್ಲ, ಅಲ್ಲಿಯ ಕಾನೂನು ಬೇರೆ. ಆದರೆ ವಿಯೆನ್ನಾ ಒಪ್ಪಂದ ಅಲ್ಲೂ ಇದೆ, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳಬಹುದು. ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಅನುವಾದ ಕೇಳದೆ ಸಹಿ ಬೇಡ. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಎಮಿರೇಟ್ಸ್‌ನಲ್ಲೂ ಸೌದಿಯಲ್ಲೂ ಕಾನೂನಿಗೆ ವಿರುದ್ಧ. ಹೋಗುವ ಮುಂಚೆ ಏಜೆಂಟ್ ಲೈಸೆನ್ಸ್ ಇದ್ದವನಾ ಅಂತ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್‌ನಲ್ಲಿ ನೋಡಿ. ಏನಾದರೂ ಆದರೆ ಊರಿನಲ್ಲಿ ಇರುವವರು ಮದದ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಊರು ಬಿಡುವ ಮುಂಚೆ ಅರ್ಧ ತಾಸು

ಮನೆಯಲ್ಲಿ ಎಲ್ಲರೂ ಕೂತು ಇಷ್ಟು ಮಾಡಿ. ಮೂರು ಫೋನ್ ನಂಬರ್ ಬಾಯಿಪಾಠ ಆಗಲಿ, ಫೋನ್ ಕೈಯಲ್ಲಿ ಇಲ್ಲದಾಗ ಅದರೊಳಗಿನ ನಂಬರ್ ಉಪಯೋಗಕ್ಕಿಲ್ಲ. ಮಗ ಇರುವ ರೂಮಿನ ಪೂರ್ತಿ ವಿಳಾಸ, ಗುತ್ತಿಗೆದಾರನ ಅಥವಾ ಕಂಪನಿಯ ನಂಬರ್, ಹತ್ತಿರದ ಪೊಲೀಸ್ ಠಾಣೆಯ ಹೆಸರು ಒಂದು ಹಾಳೆಯಲ್ಲಿ ಬರೆದು ತಿಜೋರಿ ಬಾಗಿಲಿಗೆ ಅಂಟಿಸಿ. ಕೆಳಗೆ 112, 15100 ಬರೀರಿ. ಪರದೇಶ ಆದರೆ ಕಾನ್ಸುಲೇಟ್, ವಕೀಲರ ನಂಬರ್ ಸೇರಿಸಿ. ಚಿಕ್ಕ ಮಕ್ಕಳಿದ್ದರೆ ತಂದೆ-ತಾಯಿ ಇಬ್ಬರೂ ಇಲ್ಲದ ಹೊತ್ತಿನಲ್ಲಿ ಯಾರು ನೋಡಿಕೊಳ್ಳಬೇಕು ಅಂತ ಈಗಲೇ ಮಾತಾಡಿಕೊಳ್ಳಿ.

ಕಾನೂನು ಪುಸ್ತಕದಲ್ಲಿ ಇದ್ದ ಹಾಗೆ ಠಾಣೆಯಲ್ಲಿ ನಡೆಯಲ್ಲ ಅಂತ ನೀವು ಅನ್ನಬಹುದು. ಹೌದು, ಎಷ್ಟೋ ಸಲ ನಡೆಯಲ್ಲ. ಆದರೆ ಕೇಳಿದ ಪ್ರಶ್ನೆ, ಕೇಳಿದ ಹೊತ್ತು, ಅಧಿಕಾರಿಯ ಹೆಸರು ನೆನಪಿಟ್ಟುಕೊಂಡು ಬರೆದಿಟ್ಟರೆ ನಾಳೆ ವಕೀಲರ ಕೈಗೆ ಒಂದು ಆಧಾರ ಸಿಗ್ತದೆ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ, ಆ ದೃಶ್ಯವನ್ನು ಕೇಳಲೂಬಹುದು. ಜಗಳ ಬೇಡ, ಏರುದನಿ ಬೇಡ. ಕೈ ಕಾಣುವ ಹಾಗೆ ನಿಂತು, ಮರ್ಯಾದೆಯಿಂದ, ಮೂರು ಪ್ರಶ್ನೆ.

ನಮ್ಮೂರಿಗೆ ಬಂದವರು

ಕೊನೆಗೆ ಒಂದು ಮಾತು ನಮಗೇ. ಕಬ್ಬಿನ ಹಂಗಾಮು ಶುರುವಾದರೆ ಬೀಡ ಕಡೆಯಿಂದ ಕಟಾವಿನ ಗ್ಯಾಂಗುಗಳು ಸಂಸಾರ ಸಮೇತ ನಮ್ಮ ಹೊಲಗಳಿಗೆ ಬರ್ತಾವೆ. ಬಿಹಾರ, ಉತ್ತರಪ್ರದೇಶದ ಹುಡುಗರು ಹೋಟೆಲಿನಲ್ಲಿ, ಟೈಲ್ಸ್ ಕೆಲಸದಲ್ಲಿ ಇದ್ದಾರೆ. ಊರಲ್ಲಿ ಒಂದು ಮೋಟರ್ ಕಳುವಾದರೆ ನಮ್ಮ ಬೆರಳು ಮೊದಲು ಹೋಗೋದು ಅವರ ಗುಡಿಸಲ ಕಡೆಗೇ. ಅವರ ಊರಲ್ಲೂ ಒಬ್ಬ ತಾಯಿ ಬಾಗಿಲು ಮುಚ್ಚದೆ ಕೂತಿರ್ತಾಳೆ.

ಸಂವಿಧಾನ ಬರೆದವರು 21, 22ನೇ ವಿಧಿಗಳಲ್ಲಿ "ನಾಗರಿಕ" ಅಂತ ಬರೆಯಲಿಲ್ಲ, "ವ್ಯಕ್ತಿ" ಅಂತ ಬರೆದರು. ಅಮೆರಿಕದ ಸುಪ್ರೀಂ ಕೋರ್ಟ್ 1886ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬಟ್ಟೆ ಒಗೆಯುವ ಚೀನೀಯನೊಬ್ಬನ ಪ್ರಕರಣದಲ್ಲಿ ಇದೇ ಮಾತು ಹೇಳಿತ್ತು, ಕಾನೂನಿನ ರಕ್ಷಣೆ ನಾಗರಿಕರಿಗೆ ಮಾತ್ರ ಅಲ್ಲ, ಅಲ್ಲಿರುವ ಎಲ್ಲಾ ಮನುಷ್ಯರಿಗೂ ಅಂತ. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಅದನ್ನೇ ಹೇಳಿತು. ನಮ್ಮ ಹುಡುಗನಿಗೆ ಪರವೂರಿನ ಠಾಣೆಯಲ್ಲಿ ಯಾವ ಮರ್ಯಾದೆ ಸಿಗಬೇಕು ಅಂತ ಬಯಸ್ತೀವೋ, ಕುಡಚಿಯಲ್ಲಿ ದುಡಿಯುವ ಪರವೂರಿನ ಹುಡುಗನಿಗೂ ಅದೇ ಸಿಗಬೇಕು. ಮುಂದಿನ ಸಲ ಇಂಥ ಹುಡುಗನನ್ನು ಜೀಪು ಹತ್ತಿಸುವುದು ಕಂಡರೆ ಸುಮ್ಮನೆ ನೋಡ್ತಾ ನಿಲ್ಲಬೇಡಿ. ಅವನ ಹೆಸರು ಕೇಳಿಕೊಂಡು ಅವನ ಊರಿಗೆ ಒಂದು ಫೋನ್ ಮಾಡಿಸಿ.